ಅಮೆರಿಕನ್ ಸ್ಟಡೀಸ್‌ನಲ್ಲಿ ಮಾಧ್ಯಮದ ಓದು: ಸೈಟು ಅಡ ಇಡುವ ಮುನ್ನ

ಪ್ರಶ್ನೆ: ಸರ್, ನಮಸ್ಕಾರ. ನನಗೆ 25 ವರ್ಷ. ಹಾಸನದಲ್ಲಿ ಬಿಎ ಮುಗಿಸಿದೆ (ಇತಿಹಾಸ, ಪತ್ರಿಕೋದ್ಯಮ, ಐಚ್ಛಿಕ ಇಂಗ್ಲಿಷ್). ಮೂರು ವರ್ಷದಿಂದ ಬೆಂಗಳೂರಿನ ಸುದ್ದಿತಾಣವೊಂದರ ಡೆಸ್ಕಿನಲ್ಲಿದ್ದೇನೆ. ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಎಂಎ ಅಮೆರಿಕನ್ ಸ್ಟಡೀಸ್‌ಗೆ ಸೀಟು ಸಿಕ್ಕಿದೆ (ಅಮೆರಿಕದ ಇತಿಹಾಸ, ಸಾಹಿತ್ಯ, ಸಮಾಜವನ್ನು ಒಟ್ಟಿಗೆ ಓದುವ ವಿಷಯ). ಅದರೊಳಗೆ ‘ಮಾಧ್ಯಮ ಮತ್ತು ಸಂವಹನ’ವನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳಬಹುದಂತೆ. ಎರಡು ವರ್ಷಕ್ಕೆ ಒಟ್ಟು 62 ಲಕ್ಷ ಆಗುತ್ತದೆ. ಬ್ಯಾಂಕಿನವರು 45 ಲಕ್ಷ ಸಾಲ ಕೊಡುತ್ತಾರೆ, ಆದರೆ ಅಪ್ಪ ಹಾಸನದ ಸೈಟು ಅಡ ಇಡಬೇಕು. ಡಲ್ಲಾಸ್‌ನಲ್ಲಿರುವ ದೊಡ್ಡಪ್ಪನ ಮಗ, ‘ಅದು ಯಾವ ಕೆಲಸಕ್ಕೂ ಬಾರದ ಡಿಗ್ರಿ, ಡೇಟಾ ಅನಲಿಟಿಕ್ಸ್ ಮಾಡು’ ಎನ್ನುತ್ತಾನೆ. ಮಾವ, ‘ಅಮೆರಿಕದ ವಿಷಯ ಅಮೆರಿಕದವರಿಗೆ ಗೊತ್ತಿಲ್ಲದ್ದು ನೀನೇನು ಹೇಳ್ತೀಯ?’ ಎಂದು ಕೇಳುತ್ತಾರೆ. ನಮ್ಮ ಕಾಲೇಜಿನ ಮೇಡಂ ಒಬ್ಬರು ‘ಅದು ಇಂಗ್ಲಿಷ್ ಎಂಎ ಥರಾನೇ’ ಅಂದರು. ಇದು ಪತ್ರಿಕೋದ್ಯಮದ ಪದವಿ ಅಂತ ಲೆಕ್ಕಕ್ಕೆ ಬರುತ್ತದೆಯೇ? ಅಲ್ಲಿ ಕೆಲಸ ಸಿಗುತ್ತದೆಯೇ? ವಾಪಸು ಬಂದರೆ ಕಾಲೇಜಿನಲ್ಲಿ ಪಾಠ ಮಾಡಬಹುದೇ? ಹೋಗಲೇ, ಬಿಡಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ಪ್ರಶ್ನೆ ಕೇಳಿದ್ದೀರಿ. ಆದರೆ ನಿಮ್ಮ ನಿದ್ದೆ ಕೆಡಿಸುತ್ತಿರುವುದು ಐದನೆಯದು, ಅದನ್ನು ನೀವು ಬಾಯಿಬಿಟ್ಟು ಕೇಳಿಲ್ಲ: ನನಗೆ ಇಷ್ಟವಾದದ್ದನ್ನು ಓದುವುದಕ್ಕೆ ಅಪ್ಪನ ಸೈಟು ಅಡ ಇಡಿಸುವುದು ಸರಿಯೇ? ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಈ ಓದು ಒಳ್ಳೆಯದು, ನಿಮ್ಮ ಹಿನ್ನೆಲೆಗೆ ಒಪ್ಪುವಂಥದು. ಆದರೆ 45 ಲಕ್ಷ ಸಾಲ ಮಾಡಿ ಹೋಗುವಂಥದಲ್ಲ. ಈ ಎರಡು ಮಾತನ್ನು ನಾನು ಒಟ್ಟಿಗೇ ಹೇಳುತ್ತಿರುವುದು ಏಕೆ ಎಂಬುದನ್ನು ವಿವರಿಸುವುದಕ್ಕೆ ಸ್ವಲ್ಪ ಜಾಗ ಬೇಕು.

ನಾನು 1990ರ ದಶಕದ ಕೊನೆಯಲ್ಲಿ ಇಂಥದೇ ಒಂದು ವಿಭಾಗದಲ್ಲಿ ಓದಿದವನು. ಆಮೇಲೆ ಬೆಂಗಳೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪತ್ರಿಕೋದ್ಯಮದ ಪಾಠ ಮಾಡಿದ್ದೇನೆ. ವಿದೇಶಕ್ಕೆ ಹೊರಟ ವಿದ್ಯಾರ್ಥಿಗಳ ಅರ್ಜಿಗಳನ್ನು ತಿದ್ದಿದ್ದೇನೆ, ಹೋಗಿ ಬಂದವರ ಕಷ್ಟಸುಖ ಕೇಳಿದ್ದೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಮೊದಲು ನಿಮ್ಮ ಮೇಡಂ ಹೇಳಿದ ಮಾತು. ಅದು ತಪ್ಪು, ಆದರೆ ಸುಮ್ಮನೆ ಹುಟ್ಟಿದ ತಪ್ಪಲ್ಲ. 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್ ಶುರುವಾಯಿತು. ಅದರ ಗ್ರಂಥಾಲಯ ದೊಡ್ಡದಾಗಿತ್ತು. ಕರ್ನಾಟಕದ ಇಂಗ್ಲಿಷ್ ಮೇಷ್ಟ್ರುಗಳು ಅಲ್ಲಿಗೆ ಹೋಗಿ ವಾರಗಟ್ಟಲೆ ಉಳಿದು, ಫಾಕ್ನರ್, ಹೆಮಿಂಗ್ವೇ ಮೇಲೆ ಟಿಪ್ಪಣಿ ಮಾಡಿಕೊಂಡು ಬಂದು ಎಂಫಿಲ್, ಪಿಎಚ್‌ಡಿ ಬರೆದರು. ಹಾಗಾಗಿ ನಮ್ಮ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಅಮೆರಿಕನ್ ಸ್ಟಡೀಸ್ ಅಂದರೆ ಅಮೆರಿಕನ್ ಸಾಹಿತ್ಯ ಎಂದೇ ನೆಲೆಯಾಯಿತು. ಅಮೆರಿಕದಲ್ಲಿ ಅದು ಹಾಗಿಲ್ಲ. ಹಾರ್ವರ್ಡ್‌ನಲ್ಲಿ 1937ರಲ್ಲಿ ಶುರುವಾದ ಅಮೆರಿಕನ್ ನಾಗರಿಕತೆಯ ಪಿಎಚ್‌ಡಿ ಕಾರ್ಯಕ್ರಮವೇ ಸಾಹಿತ್ಯ ಮತ್ತು ಇತಿಹಾಸದ ನಡುವಿನ ಗೋಡೆ ಒಡೆಯುವುದಕ್ಕೆ ಹುಟ್ಟಿದ್ದು. 1949ರಲ್ಲಿ ಅವರದೇ ಸಂಶೋಧನಾ ಪತ್ರಿಕೆ ಬಂತು, 1951ರಲ್ಲಿ ಅಮೆರಿಕನ್ ಸ್ಟಡೀಸ್ ಅಸೋಸಿಯೇಷನ್ ಕಟ್ಟಿಕೊಂಡರು. ಶೀತಲ ಸಮರದ ಕಾಲದಲ್ಲಿ ಅಮೆರಿಕ ತನ್ನ ಬಗ್ಗೆ ಹೊರದೇಶಗಳಿಗೆ ಹೇಳಿಕೊಳ್ಳುವುದಕ್ಕೆ ಈ ವಿಷಯವನ್ನು ಬಳಸಿಕೊಂಡದ್ದೂ ನಿಜ. ಹೈದರಾಬಾದಿನ ಕೇಂದ್ರ ಹುಟ್ಟಿದ್ದು ಆ ಗಾಳಿಯಲ್ಲೇ. ಆದರೆ 1970ರ ನಂತರ ಆ ವಿಭಾಗಗಳ ಒಳಗೇ ಕಪ್ಪು ಜನರ, ಮೂಲನಿವಾಸಿಗಳ, ಹೆಂಗಸರ, ವಲಸಿಗರ ಪ್ರಶ್ನೆಗಳು ಎದ್ದವು. ಈಗ ನೀವು ಯಾವ ಒಳ್ಳೆಯ ವಿಭಾಗಕ್ಕೆ ಹೋದರೂ ಅಮೆರಿಕವನ್ನು ಹೊಗಳುವ ಪಾಠ ಸಿಗುವುದಿಲ್ಲ. ಅದನ್ನು ಬಿಚ್ಚಿ ನೋಡುವ ಪಾಠ ಸಿಗುತ್ತದೆ.

ಇದರಲ್ಲಿ ಮಾಧ್ಯಮಕ್ಕೆ ಏನು ಕೆಲಸ? ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ನನ್ನನ್ನು ಆ ಓದಿಗೆ ಒಲಿಸಿದ್ದು ಅದೇ.

ಷಿಕಾಗೊದಲ್ಲಿ ರಾಬರ್ಟ್ ಅಬಟ್ ಎಂಬ ಕಪ್ಪು ವ್ಯಕ್ತಿ 1905ರಲ್ಲಿ ‘ಷಿಕಾಗೊ ಡಿಫೆಂಡರ್’ ಎಂಬ ವಾರಪತ್ರಿಕೆ ಶುರುಮಾಡಿದರು. ಅದರ ಬಹುಪಾಲು ಓದುಗರು ಇದ್ದದ್ದು ಷಿಕಾಗೊದ ಹೊರಗೆ, ದಕ್ಷಿಣದ ಹತ್ತಿಯ ಸೀಮೆಯಲ್ಲಿ. ಅಲ್ಲಿನ ಅಧಿಕಾರಿಗಳಿಗೂ ಜಮೀನ್ದಾರರಿಗೂ ಈ ಪತ್ರಿಕೆಯನ್ನು ಕಂಡರೆ ಆಗುತ್ತಿರಲಿಲ್ಲ, ಅನೇಕ ಕಡೆ ಮಾರುವುದಕ್ಕೇ ಬಿಡುತ್ತಿರಲಿಲ್ಲ. ಪತ್ರಿಕೆ ಹೋದದ್ದು ರೈಲಿನಲ್ಲಿ. ಪುಲ್‌ಮನ್ ಸ್ಲೀಪರ್ ಬೋಗಿಗಳಲ್ಲಿ ಹಾಸಿಗೆ ಹಾಸಿ ಕೊಡುತ್ತಿದ್ದ ಕಪ್ಪು ಪೋರ್ಟರುಗಳು ಕಟ್ಟುಗಳನ್ನು ಒಯ್ದು ಹಂಚುತ್ತಿದ್ದರು. ಒಂದು ಪ್ರತಿ ಕೈಯಿಂದ ಕೈಗೆ ಹೋಗುತ್ತಿತ್ತು. ಕ್ಷೌರದ ಅಂಗಡಿಯಲ್ಲಿ, ಚರ್ಚಿನಲ್ಲಿ ಒಬ್ಬರು ಓದಿದರೆ ಓದು ಬಾರದವರು ಕೇಳಿಸಿಕೊಳ್ಳುತ್ತಿದ್ದರು. ಉತ್ತರದಲ್ಲಿ ಕೆಲಸ ಇದೆ ಎಂಬ ಜಾಹೀರಾತು, ರೈಲಿನ ವೇಳಾಪಟ್ಟಿ, ಹೊರಟು ಬನ್ನಿ ಎಂಬ ಕರೆ, ಎಲ್ಲವೂ ಅದರಲ್ಲಿದ್ದವು. 1917ರ ಮೇ 15 ಎಂದು ಹೊರಡುವ ದಿನವನ್ನೇ ಗೊತ್ತುಮಾಡಿ ಸಾರಿತು. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣವನ್ನು ಬಿಟ್ಟು ಹೋದರು. ಆ ಮಹಾವಲಸೆಯ ಮೊದಲ ಅಲೆಯಲ್ಲಿ ಈ ಪತ್ರಿಕೆಯ ಪಾತ್ರ ದೊಡ್ಡದು.

ಇದನ್ನು ಪತ್ರಿಕೋದ್ಯಮ ವಿಭಾಗದಲ್ಲಿ ಓದಿದರೆ ಶೀರ್ಷಿಕೆ, ಸಂಪಾದಕೀಯ, ಪ್ರಸಾರ ಸಂಖ್ಯೆ ನೋಡುತ್ತೀರಿ. ಸಂವಹನ ವಿಭಾಗದಲ್ಲಾದರೆ, ಪತ್ರಿಕೆ ಓದಿದ್ದರಿಂದಲೇ ಜನ ಹೊರಟರೇ ಎಂದು ಪರಿಣಾಮವನ್ನು ಅಳೆಯಲು ಹೊರಡುತ್ತೀರಿ. ಅಮೆರಿಕನ್ ಸ್ಟಡೀಸ್‌ನಲ್ಲಿ ನಮ್ಮ ಮೇಷ್ಟ್ರು ಮೇಜಿನ ಮೇಲೆ ನಾಲ್ಕು ವಸ್ತು ಇಟ್ಟರು: ಪತ್ರಿಕೆಯ ಒಂದು ಸಂಚಿಕೆ, ಷಿಕಾಗೊದಿಂದ ದಕ್ಷಿಣಕ್ಕೆ ಹೋಗುವ ಇಲಿನಾಯ್ ಸೆಂಟ್ರಲ್ ರೈಲುಮಾರ್ಗದ ನಕ್ಷೆ, ಆ ಕಾಲದ ಕಪ್ಪು ಜನರ ಒಂದು ಬ್ಲೂಸ್ ಹಾಡಿನ ಗ್ರಾಮಫೋನ್ ತಟ್ಟೆ, ಆಮೇಲೆ ಹೊರಡಲು ಹವಣಿಸುತ್ತಿದ್ದವರು ಬರೆದ ಕಾಗದಗಳು. ಆ ಕಾಗದಗಳಲ್ಲಿ ಬಹಳಷ್ಟು ಡಿಫೆಂಡರ್‌ಗೇ ಬರೆದವು. 1919ರಲ್ಲಿ ಇತಿಹಾಸದ ಪತ್ರಿಕೆಯೊಂದು ಅವನ್ನು ಸಂಗ್ರಹಿಸಿ ಅಚ್ಚು ಹಾಕಿತು. ಕೆಲಸ ಸಿಗುತ್ತದೆಯೇ, ಟಿಕೆಟ್ಟಿಗೆ ದುಡ್ಡು ಯಾರು ಕೊಡುತ್ತಾರೆ, ನನ್ನ ಹೆಸರನ್ನು ದಯವಿಟ್ಟು ಪ್ರಕಟಿಸಬೇಡಿ. ಇಂಥ ಮಾತುಗಳು. ನಾಲ್ಕನ್ನೂ ಒಟ್ಟಿಗೆ ನೋಡಿದಾಗ ಪತ್ರಿಕೆ ಎನ್ನುವುದು ಸುದ್ದಿಯ ಹಾಳೆಯಾಗಿ ಉಳಿಯಲಿಲ್ಲ. ಅದು ರೈಲಿನಲ್ಲಿ ದುಡಿಯುವ ಕೈಗಳ ಮೇಲೆ, ಓದು ಬಾರದವರ ಕಿವಿಯ ಮೇಲೆ, ಹೊರಡಲು ಹೆದರುವವರ ಕಾಗದಗಳ ಮೇಲೆ ನಿಂತಿತ್ತು. ಡೆಸ್ಕಿನಲ್ಲಿ ಕೆಲಸ ಮಾಡಿದ ನಿಮಗೆ ಇದು ಬೇಗ ಅರ್ಥವಾಗುತ್ತದೆ: ನಾವು ಪುಟ ಕಟ್ಟುತ್ತೇವೆ, ಅದು ಆಮೇಲೆ ಯಾರ ಕೈಗೆ ಹೇಗೆ ಹೋಗುತ್ತದೆ ಎಂದು ಕೇಳುವುದಕ್ಕೆ ಪುರುಸೊತ್ತೇ ಇರುವುದಿಲ್ಲ.

ಇನ್ನೊಂದನ್ನು ಚಿಕ್ಕದಾಗಿ ಹೇಳುತ್ತೇನೆ. 1938ರ ಅಕ್ಟೋಬರ್ 30ರ ರಾತ್ರಿ ಮಂಗಳಗ್ರಹದವರು ದಾಳಿ ಮಾಡಿದ್ದಾರೆ ಎಂಬ ರೇಡಿಯೊ ನಾಟಕ ಕೇಳಿ ಇಡೀ ಅಮೆರಿಕ ಬೀದಿಗೆ ಓಡಿತು ಎಂದು ನೀವು ಬಿಎ ಪುಸ್ತಕದಲ್ಲಿ ಓದಿರುತ್ತೀರಿ. ನಾನೂ ವರ್ಷಗಟ್ಟಲೆ ಹಾಗೇ ಪಾಠ ಮಾಡಿದೆ, ಅದಕ್ಕೆ ವಿಷಾದವಿದೆ. ಆ ರಾತ್ರಿ ನಡೆದಿದ್ದ ಕೇಳುಗರ ಸಮೀಕ್ಷೆಯಲ್ಲಿ ಆ ನಾಟಕ ಕೇಳುತ್ತಿದ್ದೇವೆ ಅಂದವರು ಶೇ 2ರಷ್ಟು. ಒಂದಷ್ಟು ಜನ ನಿಜವಾಗಿಯೂ ಹೆದರಿದರು, ಆದರೆ ಇಡೀ ದೇಶ ಓಡಿತು ಎಂಬ ಕತೆಯನ್ನು ಬೆಳೆಸಿದ್ದು ಮರುದಿನದ ದಿನಪತ್ರಿಕೆಗಳು. ಜಾಹೀರಾತನ್ನು ರೇಡಿಯೊ ಕಿತ್ತುಕೊಳ್ಳುತ್ತಿದ್ದ ಕಾಲ ಅದು. ಸಂವಹನ ಶಾಸ್ತ್ರದ ಹಳೆಯ ಪಾಠ, ‘ಮಾಧ್ಯಮದ ಶಕ್ತಿ ಎಷ್ಟು?’ ಎಂದು ಕೇಳುತ್ತಿತ್ತು. ಅಮೆರಿಕನ್ ಸ್ಟಡೀಸ್ ಕೇಳುವುದು, ‘ತಾವೇ ಹಾಗೆ ಹೆದರಿ ಓಡಿದೆವು ಎಂಬ ಕತೆಯನ್ನು ಒಂದು ದೇಶ ಅಷ್ಟು ಸುಲಭವಾಗಿ ಏಕೆ ನಂಬಿತು?’ ಎಂದು.

ಮಾವನ ಪ್ರಶ್ನೆಗೆ ಬರುತ್ತೇನೆ. ಆ ಪ್ರಶ್ನೆಯನ್ನು ತಳ್ಳಿಹಾಕಬೇಡಿ; ಥೀಸಿಸ್ ವಿಷಯ ಆರಿಸುವಾಗ ನಿಮ್ಮ ಗೈಡ್ ಕೂಡ ಅದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ನನ್ನ ಉತ್ತರ ಹೀಗೆ. ಅಮೆರಿಕದ ಜಾರ್ಜಿಯಾ ರಾಜ್ಯದ ನ್ಯೂ ಎಕೋಟಾ ಎಂಬ ಊರಿನಲ್ಲಿ, ಚೆರೋಕಿ ಎಂಬ ಮೂಲನಿವಾಸಿ ಜನಾಂಗದವರಿಂದ 1828ರ ಫೆಬ್ರವರಿ 21ರಂದು ‘ಚೆರೋಕಿ ಫೀನಿಕ್ಸ್’ ಎಂಬ ಪತ್ರಿಕೆ ಹೊರಟಿತು. ಓದುಬರಹ ಬಾರದಿದ್ದ ಸೆಕ್ವೋಯಾ ಎಂಬ ಚೆರೋಕಿ ತನ್ನ ಭಾಷೆಗೆ ತಾನೇ ಒಂದು ಲಿಪಿ ಕಟ್ಟಿ ಕೆಲವೇ ವರ್ಷಗಳಾಗಿದ್ದವು. ನಮ್ಮ ಕಾಗುಣಿತದ ಹಾಗೆ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ ಇರುವ ಲಿಪಿ ಅದು. ಆ ಲಿಪಿಯಲ್ಲೂ ಇಂಗ್ಲಿಷಿನಲ್ಲೂ ಅಕ್ಕಪಕ್ಕದ ಅಂಕಣಗಳಲ್ಲಿ ಪತ್ರಿಕೆ ಬಂತು. ಅಚ್ಚುಮೊಳೆ ಮಾಡಿಸುವುದಕ್ಕೆ ಸ್ಯಾಮ್ಯುಯೆಲ್ ವೂಸ್ಟರ್ ಎಂಬ ಮಿಷನರಿ ನೆರವಾದರು. ಹದಿನೈದು ವರ್ಷದ ಮೇಲೆ, 1843ರ ಜುಲೈ 1ರಂದು, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತಂದರು. ಎರಡರಲ್ಲೂ ಮಿಷನರಿ ಇದ್ದಾನೆ, ಮುದ್ರಣ ಇದೆ, ಇಂಗ್ಲಿಷೇತರ ಲಿಪಿ ಇದೆ. ಆದರೆ ಫೀನಿಕ್ಸ್‌ನ ಒಡೆತನ ಚೆರೋಕಿ ಜನರ ಸ್ವಂತ ಆಡಳಿತ ಮಂಡಳಿಯದು, ಸಂಪಾದಕ ಇಲಾಯಸ್ ಬೌಡಿನಾಟ್ ಕೂಡ ಚೆರೋಕಿಯೇ. ಚೆರೋಕಿಯಂಥ ಜನರನ್ನು ಅವರ ನೆಲದಿಂದ ಎಬ್ಬಿಸುವ ಕಾಯ್ದೆ 1830ರಲ್ಲಿ ಬಂತು. ಬಿಟ್ಟುಹೋಗುವುದೇ ಮೇಲೆಂಬ ವಾದವನ್ನೂ ಪ್ರಕಟಿಸಲು ಚೆರೋಕಿ ನಾಯಕರು ಬಿಡಲಿಲ್ಲವೆಂದು ಬೌಡಿನಾಟ್ 1832ರಲ್ಲಿ ರಾಜೀನಾಮೆ ಕೊಟ್ಟರು. 1835ರಲ್ಲಿ ಜಾರ್ಜಿಯಾದ ಪಡೆ ಅಚ್ಚುಯಂತ್ರವನ್ನೇ ಹೊತ್ತೊಯ್ದಿತು. ಜುಲೈ 1ರಂದು ಪತ್ರಿಕಾ ದಿನ ಆಚರಿಸುವ ನಾಡಿನಿಂದ ಹೋದವರಿಗೆ ಇದರಲ್ಲಿ ಕಾಣುವುದು ಅಯೋವಾದ ಹುಡುಗನಿಗೆ ಕಾಣುವುದಿಲ್ಲ. ಲಿಪಿ ಯಾರದು, ಮೊಳೆ ಯಾರದು, ಮಾತು ಯಾರದು ಎಂದು ಬೇರೆ ಬೇರೆಯಾಗಿ ಕೇಳುವ ಅಭ್ಯಾಸ ನಮಗೆ ಹುಟ್ಟಿನಿಂದ ಬಂದದ್ದು.

ಮಾವನಿಗೆ ಇನ್ನೂ ಒಂದು ವಿಷಯ ಹೇಳಿ. ನಾನು ಓದಿದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸಾಲುಸಾಲು ಕನ್ನಡ ಕಾದಂಬರಿಗಳಿದ್ದವು. ಮೊದಲ ಸಲ ನೋಡಿದಾಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವು ಅಲ್ಲಿಗೆ ಹೋದದ್ದು ಗೋಧಿಯ ಲೆಕ್ಕದಲ್ಲಿ. ಪಿಎಲ್-480 ಒಪ್ಪಂದದಡಿ ನಾವು ಅಮೆರಿಕದ ಗೋಧಿಗೆ ರೂಪಾಯಿಯಲ್ಲಿ ಹಣ ಕೊಡುತ್ತಿದ್ದೆವು. ಆ ರೂಪಾಯಿಯಲ್ಲಿ ಒಂದು ಪಾಲನ್ನು ತೆಗೆದು, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕ ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಹಂಚಿತು. ನಮ್ಮ ಬಗ್ಗೆ ಓದಬೇಕೆಂದು ಅವರಿಗೆ ಅನ್ನಿಸಿದ್ದು ಸರಿಯಾದರೆ, ಅವರ ಬಗ್ಗೆ ಓದಬೇಕೆಂದು ನಿಮಗೆ ಅನ್ನಿಸುವುದೂ ಸರಿಯೇ.

ಇಷ್ಟು ಒಳ್ಳೆಯ ಮಾತಾಯಿತು. ಈಗ ಇಲ್ಲದ್ದರ ಕಡೆ.

ಇದು ಪತ್ರಿಕೋದ್ಯಮದ ಪದವಿ ಅಲ್ಲ. ಕ್ಯಾಮೆರಾ, ಎಡಿಟಿಂಗ್, ಪಾಡ್‌ಕಾಸ್ಟ್, ಡೇಟಾ ವರದಿಗಾರಿಕೆ, ಇವು ಯಾವುವೂ ಸಾಮಾನ್ಯವಾಗಿ ಕಡ್ಡಾಯ ಪಾಠದಲ್ಲಿ ಇರುವುದಿಲ್ಲ. ಕಲಿಯುವುದು ದಾಖಲೆ ಹುಡುಕುವುದು, ಸಂದರ್ಶನ ದಾಖಲಿಸುವುದು, ಒಂದು ಚಿತ್ರವನ್ನೋ ಜಾಹೀರಾತನ್ನೋ ನಿಧಾನವಾಗಿ ಓದುವುದು, ಮೂವತ್ತು ಪುಟದ ವಾದವನ್ನು ಬಿರುಕಿಲ್ಲದೆ ಬರೆಯುವುದು. ಈ ಕೌಶಲಗಳು ಬೆಲೆಯುಳ್ಳವು, ಆದರೆ ಕೆಲಸದ ಜಾಹೀರಾತಿನಲ್ಲಿ ಇವುಗಳ ಹೆಸರು ಕಾಣುವುದಿಲ್ಲ.

‘ಮಾಧ್ಯಮ ಮತ್ತು ಸಂವಹನ’ ಎಂಬ ವಿಶೇಷ ವಿಷಯದ ಮಾತಂತೂ ಇನ್ನೂ ಸೂಕ್ಷ್ಮ. ಅಂತರ್‌ಶಿಸ್ತೀಯ ಕಾರ್ಯಕ್ರಮಗಳಿಗೆ ಸ್ವಂತ ಅಧ್ಯಾಪಕರು ಕಡಿಮೆ. ಇತಿಹಾಸದಿಂದ ಒಬ್ಬರು, ಇಂಗ್ಲಿಷಿನಿಂದ ಒಬ್ಬರು, ಸಂವಹನ ಶಾಲೆಯಿಂದ ಒಬ್ಬರು ಬಂದು ಪಾಠ ಮಾಡುತ್ತಾರೆ. ಆ ಸಂವಹನದವರು ರಜೆಯ ಮೇಲೆ ಹೋದರೆ ಆ ವರ್ಷ ನಿಮ್ಮ ವಿಶೇಷ ವಿಷಯ ಕಾಗದದ ಮೇಲೆ ಮಾತ್ರ. ನನಗೆ ಹಾಗೇ ಆಯಿತು. ನಾನು ಸೇರಿದಾಗ ಕೈಪಿಡಿಯಲ್ಲಿ ಒಂಬತ್ತು ಮಾಧ್ಯಮ ಕೋರ್ಸುಗಳಿದ್ದವು. ಎರಡು ವರ್ಷದಲ್ಲಿ ನಡೆದದ್ದು ಮೂರು. ಪಕ್ಕದ ಪತ್ರಿಕೋದ್ಯಮ ಶಾಲೆಯವರು ಹೊರಗಿನ ವಿದ್ಯಾರ್ಥಿಗಳಿಗೆ ಸೀಟು ಉಳಿದರೆ ಮಾತ್ರ ಕೊಡುತ್ತಿದ್ದರು, ಉಳಿಯುತ್ತಿರಲಿಲ್ಲ. ನಾನು ಹೋಗುವ ಮುನ್ನ ಒಂದು ಇಮೇಲ್ ಬರೆದು ಕೇಳಿದ್ದರೆ ಗೊತ್ತಾಗುತ್ತಿತ್ತು. ನೀವು ಕೇಳಿ: ಕಳೆದ ನಾಲ್ಕು ಸೆಮಿಸ್ಟರಿನಲ್ಲಿ ನಿಜವಾಗಿ ನಡೆದ ಮಾಧ್ಯಮ ಕೋರ್ಸುಗಳು ಯಾವುವು, ಸಂವಹನ ಶಾಲೆಯ ಕೋರ್ಸಿಗೆ ನಿಮಗೆ ಖಚಿತವಾಗಿ ಪ್ರವೇಶ ಇದೆಯೇ, ನಿಮ್ಮ ಥೀಸಿಸ್‌ಗೆ ಗೈಡ್ ಆಗಬಲ್ಲವರು ಮುಂದಿನ ಎರಡು ವರ್ಷ ಅಲ್ಲೇ ಇರುತ್ತಾರೆಯೇ. ಉತ್ತರ ಬರುವ ರೀತಿಯಲ್ಲೇ ಆ ವಿಭಾಗದ ಗುಣ ಅರ್ಧ ತಿಳಿಯುತ್ತದೆ.

ಡಲ್ಲಾಸ್ ಅಣ್ಣನ ಮಾತಿಗೆ ಬರೋಣ. ‘ಕೆಲಸಕ್ಕೆ ಬಾರದ ಡಿಗ್ರಿ’ ಎಂಬುದು ಸುಳ್ಳು. ಆದರೆ ಅವರು ಹೆದರಿರುವುದಕ್ಕೆ ವೀಸಾ ಕಾರಣ, ಆ ಹೆದರಿಕೆ ನ್ಯಾಯವಾದದ್ದೇ. ವಿಶ್ವವಿದ್ಯಾಲಯ ನಿಮಗೆ ಐ-20 ಎಂಬ ಪತ್ರ ಕಳಿಸುತ್ತದೆ. ಅದರಲ್ಲಿ ನಿಮ್ಮ ವಿಷಯದ ಮುಂದೆ ಆರಂಕಿಯ ಒಂದು ಸಂಖ್ಯೆ ಇರುತ್ತದೆ. ಅಮೆರಿಕನ್ ಸ್ಟಡೀಸ್‌ನದು 05.0102. ಈ ಸಂಖ್ಯೆ ಅಲ್ಲಿನ ಸರ್ಕಾರದ ‘ಸ್ಟೆಮ್’ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ. ಹಾಗಾಗಿ ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ ಅವಧಿ 12 ತಿಂಗಳು ಮಾತ್ರ, ಅದರೊಳಗೆ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ, ಕೆಲಸ ಓದಿದ್ದಕ್ಕೆ ಸಂಬಂಧಿಸಿದ್ದೇ ಆಗಿರಬೇಕು. ಡೇಟಾ ಅನಲಿಟಿಕ್ಸ್ ಓದಿದವರಿಗೆ ಸಾಮಾನ್ಯವಾಗಿ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ. ಮಾಧ್ಯಮದ ವಿಷಯಗಳಲ್ಲೂ ಒಂದು, ಡಿಜಿಟಲ್ ಸಂವಹನ ಮತ್ತು ಮಲ್ಟಿಮೀಡಿಯಾದ 09.0702, ಆ ಪಟ್ಟಿಯಲ್ಲಿದೆ. ಪದವಿಯ ಹೆಸರು ಎಷ್ಟೇ ಚೆನ್ನಾಗಿರಲಿ, ಈ ಅವಧಿಯ ಲೆಕ್ಕಕ್ಕೆ ಬರುವುದು ಆ ಸಂಖ್ಯೆಯೇ. ನನ್ನ ಬಳಿ ಬಂದ ವಿದ್ಯಾರ್ಥಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಇದೆ ಎಂದೇ ಗೊತ್ತಿರಲಿಲ್ಲ.

ಒಪಿಟಿ ಮುಗಿದ ಮೇಲೆ ಎಚ್-1ಬಿ ಎಂಬ ಕೆಲಸದ ವೀಸಾ. ವರ್ಷಕ್ಕೆ 85,000 ವೀಸಾ, ಅರ್ಜಿ ಅದಕ್ಕಿಂತ ಬಹಳ ಹೆಚ್ಚು, ಹಾಗಾಗಿ ಆಯ್ಕೆ ನಿಮ್ಮ ಕೈಯಲ್ಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊರದೇಶದಿಂದ ಕರೆಸಿಕೊಳ್ಳುವ ಹೊಸಬರ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವನ್ನೂ ಘೋಷಿಸಿದರು. ಇಷ್ಟು ರಗಳೆ ಹೊತ್ತು ಒಬ್ಬ ಸಂಶೋಧನಾ ಸಹಾಯಕಿಯನ್ನು ಇಟ್ಟುಕೊಳ್ಳುವ ಪತ್ರಿಕೆಯೋ ಮ್ಯೂಸಿಯಮ್ಮೋ ಅಪರೂಪ. ವಿಶ್ವವಿದ್ಯಾಲಯಗಳು ಮತ್ತು ಅವುಗಳ ಜೊತೆ ಸೇರಿದ ಲಾಭರಹಿತ ಸಂಸ್ಥೆಗಳಿಗೆ ಆ 85,000ದ ಮಿತಿ ಇಲ್ಲ. ನಿಮ್ಮಂಥವರಿಗೆ ಅಲ್ಲಿ ಬಾಗಿಲು ಸ್ವಲ್ಪ ತೆರೆದಿದೆ. ಆದರೆ ಇಂಥ ಓದಿನವರು ಹಿಂದೆ ಹೋಗುತ್ತಿದ್ದ ಸಾರ್ವಜನಿಕ ರೇಡಿಯೊ, ಟಿವಿ ಕೇಂದ್ರಗಳಿಗೆ ಕೊಡಬೇಕಿದ್ದ 110 ಕೋಟಿ ಡಾಲರನ್ನು ಅಲ್ಲಿನ ಸಂಸತ್ತು 2025ರ ಜುಲೈನಲ್ಲಿ ವಾಪಸು ಪಡೆಯಿತು. ಅಲ್ಲಿಯವರೇ ಕೆಲಸ ಹುಡುಕುತ್ತಿದ್ದಾರೆ.

ನೀವು ಪತ್ರಕರ್ತೆಯಾದ್ದರಿಂದ ಇನ್ನೊಂದು ವಿಷಯ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ಅಮೆರಿಕ ಹೇಳಿದೆ. ನೀವು ಬರೆದದ್ದನ್ನು ಅಳಿಸಿ ಎಂದು ನಾನು ಹೇಳುವುದಿಲ್ಲ. ಅದು ನಿಮ್ಮ ವೃತ್ತಿ. ಆದರೆ ಸೈಟು ಅಡ ಇಟ್ಟು, ಕೆಲಸಕ್ಕೆ ರಾಜೀನಾಮೆ ಕೊಟ್ಟು, ಆಮೇಲೆ ವೀಸಾ ಕಿಟಕಿಯ ಮುಂದೆ ನಿಲ್ಲಬೇಡಿ. ಕ್ರಮ ತಿರುಗಿಸಿ.

ಈಗ ದುಡ್ಡು. 45 ಲಕ್ಷಕ್ಕೆ ಶೇ 10.5 ಬಡ್ಡಿ, ಹತ್ತು ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 60,700 ರೂಪಾಯಿ. ಓದುವ ಎರಡು ವರ್ಷದಲ್ಲಿ ಬೆಳೆಯುವ ಬಡ್ಡಿಯನ್ನು ಇದರಲ್ಲಿ ಸೇರಿಸಿಲ್ಲ. ನೀವು ಓದು ಮುಗಿಸಿ, ಒಪಿಟಿಯ ಒಂದು ವರ್ಷದ ಮೇಲೆ ವಾಪಸು ಬರಬೇಕಾಯಿತು ಎನ್ನಿ. ಬೆಂಗಳೂರಿನಲ್ಲಿ ಮಾಧ್ಯಮದಲ್ಲಿ ನಾಲ್ಕು ವರ್ಷದ ಅನುಭವವಿರುವ ಒಬ್ಬರಿಗೆ ಎಷ್ಟು ಸಂಬಳ ಕೊಡುತ್ತಾರೆಂದು ನಿಮಗೇ ಗೊತ್ತು. ಆ ಕಂತು ಆ ಸಂಬಳವನ್ನು ಹೆಚ್ಚುಕಡಿಮೆ ಪೂರ್ತಿ ನುಂಗುತ್ತದೆ. ಹೀಗಾದ ಒಬ್ಬ ಹುಡುಗನನ್ನು ನಾನು ಬಲ್ಲೆ. ಬಹಳ ಒಳ್ಳೆಯ ಥೀಸಿಸ್ ಬರೆದ. ಸಾಲ ತೀರಿಸುವುದಕ್ಕೆ ಕಂಪನಿಯೊಂದರ ಜಾಹೀರಾತು ವಿಭಾಗ ಸೇರಿ, ಆರು ವರ್ಷ ಆ ಥೀಸಿಸ್ ತೆರೆದೇ ನೋಡಲಿಲ್ಲ. ಓದು ಅವನಿಗೆ ಮೋಸ ಮಾಡಲಿಲ್ಲ, ಓದಿಗೆ ಹೋದ ದಾರಿ ಮಾಡಿತು.

ಪಾಠ ಮಾಡುವ ಪ್ರಶ್ನೆ. ಹೊರದೇಶದ ಪದವಿಗೆ ಇಲ್ಲಿ ತತ್ಸಮಾನತೆ, ಅಂದರೆ ಇಲ್ಲಿನ ಪದವಿಗೆ ಸಮ ಎಂಬ ಮಾನ್ಯತೆ ಬೇಕು. 2025ರ ಏಪ್ರಿಲ್‌ನಲ್ಲಿ ಯುಜಿಸಿ ಅದಕ್ಕೆ ಹೊಸ ನಿಯಮ ತಂದಿದೆ. ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಯ ವಿಷಯಗಳ ಪಟ್ಟಿಯಲ್ಲಿ ನಿಮ್ಮ ಸ್ನಾತಕೋತ್ತರ ವಿಷಯ ಇಲ್ಲದಿದ್ದರೆ ಸಂಬಂಧಿತ ವಿಷಯದಲ್ಲಿ ಬರೆಯಬಹುದು, ಆದ್ದರಿಂದ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದಲ್ಲಿ ಪರೀಕ್ಷೆ ಬರೆಯುವುದಕ್ಕೆ ದಾರಿ ಇದೆ. ತೊಡಕು ಬರುವುದು ಆಮೇಲೆ, ನೇಮಕಾತಿಯಲ್ಲಿ. ‘ಸಂಬಂಧಿತ ವಿಷಯ’ ಎಂಬ ಮಾತನ್ನು ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ. ನೆಟ್ ಪಾಸಾಗಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಸಂದರ್ಶನದಲ್ಲಿ ‘ಇದು ಇಂಗ್ಲಿಷೋ, ಹಿಸ್ಟರಿಯೋ, ಜರ್ನಲಿಸಮ್ಮೋ?’ ಎಂದು ಕೇಳಿದರಂತೆ. ಕೆಲಸ ಬೇರೆಯವರಿಗೆ ಹೋಯಿತು. ಹಾಗಾಗಿ ಅಂಕಪಟ್ಟಿಯಲ್ಲಿ ‘ಮಾಧ್ಯಮ’, ‘ಸಂವಹನ’, ‘ಪತ್ರಿಕೋದ್ಯಮ’ ಎಂಬ ಹೆಸರಿನ ಕೋರ್ಸುಗಳು ಅರ್ಧಕ್ಕಿಂತ ಹೆಚ್ಚು ಇರುವಂತೆ ನೋಡಿಕೊಳ್ಳಿ. ಎಲ್ಲ ಕೋರ್ಸಿನ ಪಠ್ಯಕ್ರಮವನ್ನೂ ಆಯಾ ಸೆಮಿಸ್ಟರಿನಲ್ಲೇ ಇಳಿಸಿ ಇಟ್ಟುಕೊಳ್ಳಿ. ಐದು ವರ್ಷದ ಮೇಲೆ ಕೇಳಿದರೆ ಯಾರೂ ಹುಡುಕಿ ಕೊಡುವುದಿಲ್ಲ.

ಹಾಗಾದರೆ ದಾರಿಗಳು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜರ್ಮನಿ, ಇದು ಹಲವರಿಗೆ ಅಚ್ಚರಿ. ಯುದ್ಧಾನಂತರ ಅಮೆರಿಕದ ಆಸರೆಯಲ್ಲಿ ಬೆಳೆದ ಪಶ್ಚಿಮ ಜರ್ಮನಿಯಲ್ಲಿ ಈ ವಿಷಯಕ್ಕೆ ಆಳವಾದ ಬೇರು ಇದೆ. ಬರ್ಲಿನ್ನಿನ ಫ್ರೀ ಯೂನಿವರ್ಸಿಟಿಯಲ್ಲಿ 1963ರಲ್ಲಿ ಹುಟ್ಟಿದ ಜಾನ್ ಎಫ್. ಕೆನಡಿ ಸಂಸ್ಥೆಯಲ್ಲಿ ಸಂಸ್ಕೃತಿ, ಸಾಹಿತ್ಯ, ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಆರೂ ಒಂದೇ ಸೂರಿನಡಿ ಇವೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ. ಹೈಡಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯುರೋ ಇದೆ. ವೀಸಾಕ್ಕೆ ವರ್ಷಕ್ಕೆ 11,904 ಯುರೋ ಖಾತೆಯಲ್ಲಿ ತೋರಿಸಬೇಕು, ಅದನ್ನೇ ತಿಂಗಳು ತಿಂಗಳು ತೆಗೆದು ಖರ್ಚು ಮಾಡುತ್ತೀರಿ. ಭಾರತೀಯರಿಗೆ ಎಪಿಎಸ್ ಎಂಬ, ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪ್ರಮಾಣಪತ್ರ ಕಡ್ಡಾಯ, ಅದಕ್ಕೆ ಮೊದಲೇ ಅರ್ಜಿ ಹಾಕಬೇಕು. ಮುಗಿಸಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಅಪಾಯ ಏನೆಂದರೆ, ಪಾಠ ಇಂಗ್ಲಿಷಿನಲ್ಲಿ ನಡೆದರೂ ಅಲ್ಲಿನ ಮಾಧ್ಯಮದ ಕೆಲಸಕ್ಕೆ ಜರ್ಮನ್ ಬೇಕೇ ಬೇಕು, ಅದೂ ಬರೆಯುವ ಮಟ್ಟದ್ದು. ನಿಮ್ಮ ಮೂರು ವರ್ಷದ ಬಿಎಯಲ್ಲಿನ ವಿಷಯಗಳು ಸಾಕೇ ಎಂಬುದನ್ನೂ ಒಂದೊಂದು ವಿಭಾಗ ಒಂದೊಂದು ರೀತಿ ಅಳೆಯುತ್ತದೆ.

ಅಮೆರಿಕವೇ ಬೇಕೆಂದರೆ ಎಂಎ ಬಿಟ್ಟು ನೇರ ಪಿಎಚ್‌ಡಿಗೆ ಅರ್ಜಿ ಹಾಕುವುದನ್ನು ಯೋಚಿಸಿ. ಅಲ್ಲಿ ಹಲವು ಕಡೆ ಪದವಿಯಿಂದ ನೇರವಾಗಿ ತೆಗೆದುಕೊಳ್ಳುತ್ತಾರೆ. ಶುಲ್ಕ ಮಾಫಿ ಮಾಡಿ, ಪಾಠ ಮಾಡಿಸಿಕೊಂಡು ಭತ್ಯೆ ಕೊಡುತ್ತಾರೆ. ಆದರೆ ಇದು ಐದಾರು ವರ್ಷದ ಮಾತು. ಇತ್ತೀಚೆಗೆ ಅನುದಾನ ಕಡಿತದಿಂದ ಹಲವು ವಿಶ್ವವಿದ್ಯಾಲಯಗಳು ಸೀಟು ಇಳಿಸಿವೆ, ಮೂರು ವರ್ಷದ ಬಿಎಯನ್ನು ಒಪ್ಪದವರೂ ಇದ್ದಾರೆ. ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರ ಫೆಲೋಶಿಪ್‌ಗೆ ನಿಮಗಿರುವ ಮೂರು ವರ್ಷದ ಅನುಭವ ಹೊಂದುತ್ತದೆ, ಆದರೆ ಮೂರು ವರ್ಷದ ಬಿಎ ಒಂದೇ ಸಾಲದು. ಇಲ್ಲೇ ಒಂದು ಎಂಎ ಮುಗಿಸಿದರೆ ಆ ಎರಡೂ ಬಾಗಿಲು ಅಗಲವಾಗುತ್ತವೆ. 1951ರಿಂದ ಪತ್ರಿಕೋದ್ಯಮ ಕಲಿಸುತ್ತಿರುವ ಮೈಸೂರು ವಿಶ್ವವಿದ್ಯಾಲಯ ಹಾಸನದಿಂದ ಎರಡೂವರೆ ಗಂಟೆಯ ದಾರಿ.

ಇವೆಲ್ಲಕ್ಕೂ ಮುಂಚೆ ನಾನು ಎಲ್ಲರಿಗೂ ಕೊಡುವ ಒಂದು ಕೆಲಸವನ್ನು ನೀವೂ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ಎಂಬ ತಾಣದಲ್ಲಿ ಅಮೆರಿಕದ ಹಳೆಯ ಪತ್ರಿಕೆಗಳ ಕೋಟ್ಯಂತರ ಪುಟಗಳಿವೆ, ಓದುವುದಕ್ಕೆ ಒಂದು ಪೈಸೆ ಕೊಡಬೇಕಿಲ್ಲ. ನಿಮಗೆ ಕುತೂಹಲವಿರುವ ಒಂದೇ ಒಂದು ಘಟನೆ ತೆಗೆದುಕೊಳ್ಳಿ. ಬೇಕಾದರೆ 1923ರ ಭಗತ್ ಸಿಂಗ್ ತಿಂಡ್ ಮೊಕದ್ದಮೆ. ಭಾರತೀಯರು ‘ಬಿಳಿಯರು’ ಅಲ್ಲ, ಆದ್ದರಿಂದ ಪೌರತ್ವವಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು. ಅದನ್ನು ಕ್ಯಾಲಿಫೋರ್ನಿಯಾದ ಪತ್ರಿಕೆ ಹೇಗೆ ಬರೆಯಿತು, ಪೂರ್ವ ಕರಾವಳಿಯದು ಹೇಗೆ ಬರೆಯಿತು ಎಂದು ದಿನಕ್ಕೆ ಒಂದು ಗಂಟೆಯಂತೆ ಒಂದು ತಿಂಗಳು ಓದಿ, ಹತ್ತು ಪುಟ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಹತ್ತನೇ ದಿನಕ್ಕೆ ಬೇಸರ ಬಂದರೆ, ನಿಮಗೆ ಬೇಕಿದ್ದದ್ದು ಡೆಸ್ಕಿನಿಂದ ಬಿಡುಗಡೆ ಅಷ್ಟೇ. ಅದಕ್ಕೆ ಬೇರೆ, ಅಗ್ಗದ ದಾರಿಗಳಿವೆ. ರಾತ್ರಿ ಹನ್ನೆರಡಾದರೂ ಕಂಪ್ಯೂಟರ್ ಮುಚ್ಚಲು ಮನಸ್ಸು ಬರದಿದ್ದರೆ ಆ ಹತ್ತು ಪುಟವೇ ನಿಮ್ಮ ಮುಂದಿನ ಅರ್ಜಿಯ ಬರವಣಿಗೆಯ ಮಾದರಿ.

ಈ ವಾರ ಮಾಡಬೇಕಾದದ್ದು ಎರಡು ಇಮೇಲ್. ಒಂದು, ಸೀಟನ್ನು ಮುಂದಿನ ವರ್ಷಕ್ಕೆ ಕಾಯ್ದಿರಿಸಬಹುದೇ ಎಂದು ಪ್ರವೇಶ ಕಚೇರಿಗೆ. ಇನ್ನೊಂದು ವಿಭಾಗದ ಗ್ರಾಜುಯೇಟ್ ಡೈರೆಕ್ಟರಿಗೆ, ಅಸಿಸ್ಟೆಂಟ್‌ಶಿಪ್ (ವಿಭಾಗದಲ್ಲಿ ಕೆಲಸ ಮಾಡಿ ಶುಲ್ಕ ಮಾಫಿ, ಭತ್ಯೆ ಪಡೆಯುವ ಅವಕಾಶ) ಬೇಕೆಂದು ನೇರವಾಗಿ, ನಾಚಿಕೆಯಿಲ್ಲದೆ. ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಹಣಕಾಸಿನ ನೆರವು ಸಿಕ್ಕವರು ಏಪ್ರಿಲ್ 15ರೊಳಗೆ ಬರುತ್ತೇವೋ ಇಲ್ಲವೋ ಹೇಳಬೇಕು. ಬರುವುದಿಲ್ಲ ಎಂದವರ ಹಣ ಆ ದಿನದ ನಂತರ ಬೇರೆಯವರಿಗೆ ಹೋಗುತ್ತದೆ. ಆದ್ದರಿಂದ ಏಪ್ರಿಲ್ 16ರಂದು ಇನ್ನೊಮ್ಮೆ ಬರೆಯಿರಿ. ನನಗೆ ಅಸಿಸ್ಟೆಂಟ್‌ಶಿಪ್ ಸಿಕ್ಕಿದ್ದು ಹಾಗೆ ಬರೆದ ಎರಡನೇ ಪತ್ರಕ್ಕೆ. ಶುಲ್ಕ ಮಾಫಿಯ ಕಾಗದ ನಿಮ್ಮ ಕೈಗೆ ಬಂದರೆ ಅಪ್ಪನಿಗೆ ಅದನ್ನೇ ಮೊದಲು ತೋರಿಸಿ. ಬರದಿದ್ದರೆ ಈ ವರ್ಷ ಸೈಟಿನ ಪತ್ರ ಅವರ ಬೀರುವಿನಲ್ಲೇ ಇರಲಿ.